ಗುಹೆಯ ಸೆಕೆಯನ್ನು ಬಿಸಿಲಿನ ತಲೆಗೆ ಕಟ್ಟಬೇಡಿ

ಸಂಪಾದಕರೇ,

ಕಳೆದ ಭಾನುವಾರ ನಮ್ಮ ಗುಹೆಯೊಳಗೆ ಜನ ಉಸಿರುಕಟ್ಟಿ ಒದ್ದಾಡಿದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬಂತು. ಕೊನೆಗೆ ಅಧಿಕಾರಿಗಳ ಮಾತೂ ಇತ್ತು: 'ಹವಾಮಾನ ಬದಲಾಗಿದೆ, ಈ ಸಲ ಬಿಸಿಲು ಜಾಸ್ತಿ, ಅದಕ್ಕೇ ಗುಹೆ ಕಾದಿದೆ.' ಓದಿ ಮೈ ಉರಿದುಹೋಯಿತು. ಆವತ್ತು ಒಳಗೆ ಸಿಕ್ಕಿಕೊಂಡವರಲ್ಲಿ ನನ್ನ ಅತ್ತೆಯೂ ಒಬ್ಬರು.

ಗಾಳಿ ಊದುವ ಫ್ಯಾನು ನಿಂತಿತ್ತು. ಒಳಗಿದ್ದವರು ಹೊರಗೆ ಬರುವ ಮೊದಲೇ ಇನ್ನೊಂದು ಗುಂಪನ್ನು ಬಿಟ್ಟಿದ್ದರು. ಬಗ್ಗಿ ನಡೆಯುವ ಕಡೆ ಹೋಗುವವರು, ಬರುವವರು ಎದುರುಬದುರಾಗಿ ಸಿಕ್ಕಿಬಿದ್ದರು. ಅತ್ತೆ ತಲೆ ಸುತ್ತಿ ಕೂತುಬಿಟ್ಟರು. ಕೂರಲು ಸಿಕ್ಕಿದ್ದು ಹ್ಯಾಲೊಜೆನ್ ದೀಪದ ಪಕ್ಕದ ಜಾಗ, ಕೈ ಇಡಲಾಗದಷ್ಟು ಕಾದಿತ್ತು. ಅದರ ಹಿಂದಿನ ಗೋಡೆಯಲ್ಲಿ ಅಂಗೈ ಅಗಲದ ಹಸಿರು ಪಾಚಿ. ಸೂರ್ಯನನ್ನೇ ಕಾಣದ ಕಲ್ಲಿನ ಮೇಲೆ ಪಾಚಿ ಬೆಳೆಯಬೇಕಾದರೆ ಆ ದೀಪ ಎಷ್ಟು ಹೊತ್ತು ಉರಿಯುತ್ತಿರಬೇಕು! ಹೇಗೋ ಹೊರಗೆ ಕರೆತಂದರೆ ನಲ್ಲಿಯಲ್ಲಿ ನೀರಿಲ್ಲ. ಆಟೋವನ್ನು ಗೇಟಿನೊಳಗೆ ಬಿಡಲಿಲ್ಲ. ಆ ಬಿಸಿಲಲ್ಲಿ ರಸ್ತೆವರೆಗೆ ನಡೆಸಿಕೊಂಡೇ ಹೋಗಬೇಕಾಯಿತು.

ಈಗ ಬಿಸಿಲಿನ ವಿಷಯಕ್ಕೆ ಬರುತ್ತೇನೆ. ಕಲ್ಲಿನೊಳಗೆ ಶಾಖ ಇಳಿಯುವುದು ತುಂಬಾ ನಿಧಾನ. ಹಗಲು ರಾತ್ರಿಯ ಏರುಪೇರು ಒಂದು ಮೀಟರ್ ಇಳಿಯುವಷ್ಟರಲ್ಲೇ ಅಡಗುತ್ತದೆ. ಬೇಸಿಗೆ ಚಳಿಗಾಲದ ವ್ಯತ್ಯಾಸ ಹತ್ತು ಹದಿನೈದು ಮೀಟರ್ ಆಳದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಗಾಳಿ ಜಾಸ್ತಿ ಓಡಾಡದ ಆಳದ ಗುಹೆಯಲ್ಲಿ ವರ್ಷವಿಡೀ ಇರುವುದು ಆ ಊರಿನ ಸರಾಸರಿ ಉಷ್ಣತೆ. ಪ್ಯಾರಿಸ್ಸಿನ ಖಗೋಳ ವೀಕ್ಷಣಾಲಯದ ಕೆಳಗೆ, 28 ಮೀಟರ್ ಆಳದ ನೆಲಮಾಳಿಗೆಯಲ್ಲಿ 1783ರಲ್ಲೇ ಥರ್ಮಾಮೀಟರ್ ಇಟ್ಟಿದ್ದರು. ಚಳಿಗೂ ಬೇಸಿಗೆಗೂ ಅಲ್ಲಿ ಸುಮಾರು 12 ಡಿಗ್ರಿಯೇ. ನಮ್ಮ ಬಯಲುಸೀಮೆಯ ಸರಾಸರಿಯೇ 26-27 ಡಿಗ್ರಿ. ಜೊತೆಗೆ ತೇವ ತುಂಬಿದ ಗಾಳಿ, ಬೆವರು ಆರುವುದೇ ಇಲ್ಲ. ಅದಕ್ಕೇ ತಾನೇ ಫ್ಯಾನು ಹಾಕಿಸಿದ್ದು?

ಹವಾಮಾನ ಬದಲಾವಣೆ ಸುಳ್ಳು ಅನ್ನುತ್ತಿಲ್ಲ. ಹೊರಗಿನ ಸರಾಸರಿ ಏರಿದರೆ ಗುಹೆಯೂ ಬಿಸಿಯಾಗುತ್ತದೆ. ಆದರೆ ಅದು ವರ್ಷಗಟ್ಟಲೆ ತಡವಾಗಿ, ಸ್ವಲ್ಪಸ್ವಲ್ಪವೇ ಆಗುವಂಥದ್ದು. ಒಂದು ಭಾನುವಾರ ಮಧ್ಯಾಹ್ನ ಆಗುವುದಲ್ಲ. ಅದನ್ನು ಅಳೆದೇ ತಿಳಿಯಬೇಕು. ಒಳಗೆ ಥರ್ಮಾಮೀಟರ್ ಎಲ್ಲಿದೆ ಅಂತ ಕೇಳಿದರೆ 'ಬೋರ್ಡಿನಲ್ಲಿ ಬರೆದಿದೆ, ನೋಡ್ಕೊಳ್ಳಿ' ಅಂದರು. ಆ ಬೋರ್ಡು ಬಣ್ಣ ಕಂಡು ಯಾವ ಕಾಲವಾಯಿತೋ! ಗುಹೆಯ ಉಷ್ಣತೆಯನ್ನು ಪೇಂಟಿನಲ್ಲಿ ಬರೆದಿಟ್ಟವರು ಈಗ ಹವಾಮಾನದ ಪಾಠ ಹೇಳುತ್ತಾರೆ.

ಸುಮ್ಮನೆ ನಿಂತ ಒಬ್ಬ ಮನುಷ್ಯನ ಮೈಯಿಂದಲೇ ಸುಮಾರು 100 ವಾಟ್ ಶಾಖ ಹೊರಡುತ್ತದೆ. ಫ್ರಾನ್ಸಿನ ಲಾಸ್ಕೋ ಗುಹೆಯನ್ನು 1963ರಲ್ಲಿ ಜನರಿಗೆ ಮುಚ್ಚಿದ್ದು ಇದಕ್ಕೇ. ಜನರ ಉಸಿರು, ಶಾಖ, ದೀಪದ ಬೆಳಕಿಗೆ ಬೆಳೆದ ಪಾಚಿ, ಎಲ್ಲ ಸೇರಿ ಹಳೇ ಚಿತ್ರಗಳೇ ಹಾಳಾಗುತ್ತಿದ್ದವು. ಮೇಘಾಲಯದ ಮಾವ್ಮ್ಲುಹ್ ಗುಹೆಯಲ್ಲಿ ಹನಿಹನಿಯಾಗಿ ಬೆಳೆದ ಸುಣ್ಣದ ಕಂಬದಿಂದ 4,200 ವರ್ಷ ಹಿಂದಿನ ಬರಗಾಲ ಗೊತ್ತಾಯಿತು. 2018ರಲ್ಲಿ ಭೂಮಿಯ ಇತಿಹಾಸದ ಒಂದು ಕಾಲಘಟ್ಟಕ್ಕೇ ಮೇಘಾಲಯದ ಹೆಸರಿಟ್ಟರು. ನಮ್ಮಲ್ಲಿ ಅಂಥ ಕಂಬಕ್ಕೇ ಮೊಳೆ ಹೊಡೆದು ವೈರು ಎಳೆದಿದ್ದಾರೆ! ನೋಡಿ ಹೊಟ್ಟೆ ಉರಿಯಿತು.

ಇವರದ್ದು ಯಾವಾಗಲೂ ಇದೇ ಕತೆ. ಎಲ್‌ಇಡಿ ದೀಪ ಹಾಕಿಸ್ತೀವಿ ಅಂದವರು ವರ್ಗವಾಗಿ ಹೋದರು. ಆಮೇಲೆ ಬಂದವರು ಬಾಗಿಲಿಗೆ ಸಿಮೆಂಟಿನ ಕಮಾನು ಕಟ್ಟಿಸಿ ಫೋಟೊ ತೆಗೆಸಿಕೊಂಡರು. ಶೌಚಾಲಯಕ್ಕೆ ಬೀಗ, ಕೀ ಯಾರ ಹತ್ತಿರ ಅಂತ ಯಾರಿಗೂ ಗೊತ್ತಿಲ್ಲ. ಪಾರ್ಕಿಂಗ್ ದುಡ್ಡು ಮಾತ್ರ ಬಿಡದೆ ವಸೂಲಿ. ಸಾಯಂಕಾಲದ ಬಸ್ಸು ನಿಂತುಹೋಗಿದ್ದನ್ನು ಈಗಾಗಲೇ ನಿಮ್ಮ ಪತ್ರಿಕೆಗೆ ಬರೆದಿದ್ದೆ, ಅದೂ ಹಾಗೇ ಇದೆ.

ಆ ದೀಪಗಳನ್ನು ಕಿತ್ತುಹಾಕಲಿ. ಜನರನ್ನು ಲೆಕ್ಕ ಹಾಕಿ ಬಿಡಲಿ, ಒಳಗೆ ಥರ್ಮಾಮೀಟರ್ ಇಟ್ಟು ದಿನಾ ಬರೆದಿಡಲಿ. ಆಗದಿದ್ದರೆ ಗುಹೆಯನ್ನೇ ಮುಚ್ಚಲಿ. ಸಂಬಂಧಪಟ್ಟವರು ಒಂದು ಸಲ, ಫ್ಯಾನು ನಿಂತಾಗ, ತಮ್ಮ ಮನೆಯ ಹಿರಿಯರನ್ನು ಕರೆದುಕೊಂಡು ಒಳಗೆ ಹೋಗಿ ಬರಲಿ. ಆಮೇಲೆ ಹೇಳಲಿ, ಸೆಕೆ ಎಲ್ಲಿಂದ ಬಂತು ಅಂತ.

– ನೊಂದ ಓದುಗ