ಪಿಟಿಒ ಶಾಫ್ಟಿನ ಸವೆದ ಹಲ್ಲಿಗೆ ಇನ್ನು ವೆಲ್ಡಿಂಗ್ ಮಾಡುವುದಿಲ್ಲ

ಮುಧೋಳ

ರೈತ ಬಾಂಧವರಿಗೆ, ಟ್ರ್ಯಾಕ್ಟರ್ ಮಾಲೀಕರಿಗೆ, ಬಾಡಿಗೆ ಹೊಡೆಯುವ ಡ್ರೈವರ್ ಅಣ್ಣಂದಿರಿಗೆ ನಮಸ್ಕಾರ.

ಬರುವ ದೀಪಾವಳಿ ಪಾಡ್ಯದಿಂದ ನಮ್ಮ ವರ್ಕ್‌ಶಾಪಿನಲ್ಲಿ ಒಂದು ಕೆಲಸ ನಿಲ್ಲಿಸುತ್ತಿದ್ದೇವೆ. ಪಿಟಿಒ ಶಾಫ್ಟ್ ಎಂದರೆ ಟ್ರ್ಯಾಕ್ಟರಿನ ಹಿಂದೆ ಚಾಚಿಕೊಂಡು, ಎಂಜಿನ್ನಿನ ಶಕ್ತಿಯನ್ನು ಹಿಂದಿನ ಯಂತ್ರಕ್ಕೆ ಕೊಡುವ ತಿರುಗುವ ದಂಡ. ಅದರ ಸವೆದ ಹಲ್ಲುಗಳಿಗೆ ವೆಲ್ಡಿಂಗ್ ತುಂಬಿ, ಗ್ರೈಂಡರ್ ಹಿಡಿದು ತಿದ್ದಿಕೊಡುವುದು ಇನ್ನಿಲ್ಲ. ಹಲ್ಲು ಸವೆದಿದ್ದರೆ ಶಾಫ್ಟನ್ನೂ ಅದರ ಮೇಲೆ ಕೂರುವ ಯೋಕನ್ನೂ (ಯಂತ್ರಕ್ಕೆ ಹೋಗುವ ಕೊಳವೆ ಶಾಫ್ಟಿನ ಕವಲು ತುದಿ) ಜೋಡಿಯಾಗಿಯೇ ಬದಲಿಸುತ್ತೇವೆ. ಖರ್ಚು ಹೆಚ್ಚಾಗುತ್ತದೆ. ಎರಡು ತಾಸಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಒಂದೂವರೆ ದಿನ ಹಿಡಿಯುತ್ತದೆ. ಹಂಗಾಮಿನಲ್ಲಿ ಒಂದು ದಿನ ಗಾಡಿ ನಿಂತರೆ ಏನು ನಷ್ಟ ಎಂಬುದು ನಮಗೆ ಗೊತ್ತು, ಅದಕ್ಕೇ ಕಾರಣವನ್ನು ಪೂರ್ತಿ ಬರೆಯುತ್ತಿದ್ದೇವೆ.

ಶಾಫ್ಟಿನ ತುದಿಯ ದಪ್ಪ 35 ಮಿ.ಮೀ., ಅದರ ಮೇಲೆ ಆರು ಹಲ್ಲು, ಒಂದೊಂದರ ಅಗಲ ಸುಮಾರು ಎಂಟೂವರೆ ಮಿ.ಮೀ. ಪಿಟಿಒದಲ್ಲಿ 40 ಎಚ್‌ಪಿ ಕೊಡುವ ಟ್ರ್ಯಾಕ್ಟರು ನಿಮಿಷಕ್ಕೆ 540 ಸುತ್ತಿನಲ್ಲಿ ಪೂರ್ತಿ ಶಕ್ತಿ ಹಾಕಿ ರೋಟಾವೇಟರ್ (ಮಣ್ಣು ಪುಡಿಮಾಡುವ ಯಂತ್ರ) ತಿರುಗಿಸುವಾಗ ಆ ಹಲ್ಲುಗಳ ಮೇಲೆ ಒಟ್ಟು 33 ಕ್ವಿಂಟಲಿನಷ್ಟು ಒತ್ತಡ ಬೀಳುತ್ತದೆ. ಆರೂ ಸಮನಾಗಿ ಹೊತ್ತರೆ ತಲಾ ಐದೂವರೆ ಕ್ವಿಂಟಲು. ಕೈಯಲ್ಲಿ ಗ್ರೈಂಡರ್ ಹಿಡಿದು ತಿದ್ದಿದ ಹಲ್ಲು, ಎಷ್ಟೇ ಪಳಗಿದ ಕೈಯಾದರೂ, ಆರೂ ಒಂದೇ ಅಳತೆಗೆ ಬರುವುದಿಲ್ಲ. ದಪ್ಪ ಉಳಿದ ಎರಡು ಹಲ್ಲುಗಳೇ ಅಷ್ಟೂ ಭಾರ ಹೊರುತ್ತವೆ, ತಲಾ 16 ಕ್ವಿಂಟಲಿಗೂ ಮೇಲೆ. ಜೊತೆಗೆ ಈ ಶಾಫ್ಟು ಕಾಯಿಸಿ ಹದ ಕೊಟ್ಟ ಉಕ್ಕು. ವೆಲ್ಡಿಂಗಿನ ಬಿಸಿಗೆ ಆ ಹದ ಕೆಡುತ್ತದೆ: ಒಂದು ಕಡೆ ಮೆತ್ತಗಾಗುತ್ತದೆ, ಬೆಸುಗೆಯ ಅಂಚಿನಲ್ಲಿ ಗಾಜಿನಂತೆ ಪೆಡಸಾಗುತ್ತದೆ. ಬಿರುಕು ಹುಟ್ಟುವುದು ಅಲ್ಲೇ, ಹಲ್ಲಿನ ಬುಡದಲ್ಲಿ. ಶಾಫ್ಟನ್ನು ಬಿಚ್ಚದೆ ಗಾಡಿಯಲ್ಲೇ ವೆಲ್ಡ್ ಮಾಡಿದರೆ ಇನ್ನೂ ಕೇಡು. ಕರೆಂಟು ಬೇರಿಂಗಿನ ಗುಂಡುಗಳ ಮೂಲಕ ಹರಿದು ಅವುಗಳ ಮೇಲೆ ಸಣ್ಣ ಕುಳಿ ಬೀಳುತ್ತವೆ, ಆಯಿಲ್ ಸೀಲು ಸುಟ್ಟುಹೋಗುತ್ತದೆ.

ಹಲ್ಲು ಸವೆಯುವುದು ಯಾಕೆ ಎಂದು ತಿಳಿಯಬೇಕಾದರೆ ಒಮ್ಮೆ ಯೋಕ್ ಹೊರಗೆ ಎಳೆದು ಒಳಗೆ ಬೆರಳಾಡಿಸಿ ನೋಡಿ. ಕಾವಿಯಂಥ ಕೆಂಪು ಪುಡಿ ಬೆರಳಿಗೆ ಹತ್ತುತ್ತದೆ. ನಮ್ಮ ಹೊಲದ ಎರೆ ಮಣ್ಣು ಕಪ್ಪು. ಈ ಕೆಂಪು ಹೊಲದ್ದಲ್ಲ, ನಿಮ್ಮ ಶಾಫ್ಟಿನ ಕಬ್ಬಿಣವೇ ಪುಡಿಯಾಗಿ ತುಕ್ಕು ಹಿಡಿದದ್ದು. ಗ್ರೀಸ್ ಒಣಗಿದ ಮೇಲೆ ಎರಡು ಲೋಹಗಳು ಕೂದಲೆಳೆಯಷ್ಟು ಅಂತರದಲ್ಲಿ ಹಿಂದೆ ಮುಂದೆ ಉಜ್ಜುತ್ತಲೇ ಇರುತ್ತವೆ, ಉದುರಿದ ಪುಡಿ ಹೊರಗೆ ಬರಲಾರದೆ ಅಲ್ಲೇ ಪಾಲಿಶ್ ಕಾಗದದಂತೆ ಮತ್ತಷ್ಟು ತಿನ್ನುತ್ತದೆ.  ಕೆಂಪು ಪುಡಿ ಕಂಡ ದಿನವೇ ಒರೆಸಿ ಗ್ರೀಸ್ ಹಚ್ಚಿದರೆ ಶಾಫ್ಟು ಇನ್ನೂ ವರ್ಷಗಟ್ಟಲೆ ಬರುತ್ತದೆ. ಆಗ ನಮ್ಮಲ್ಲಿಗೆ ಬರುವ ಅಗತ್ಯವೇ ಇಲ್ಲ.

ಹಚ್ಚುವ ಕ್ರಮ ಹೀಗೆ. ಡೀಸೆಲ್‌ನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್ಷಿನಿಂದ ಶಾಫ್ಟಿನ ಆರೂ ಸಂದು, ಯೋಕಿನ ಒಳಗಿನ ಆರೂ ತೋಡು ತಿಕ್ಕಿ, ಒಣ ಅರಿವೆಯಿಂದ ಒರೆಸಿ. ಹಳೆ ಗ್ರೀಸಿನ ಮೇಲೆ ಹೊಸ ಗ್ರೀಸ್ ಬಳಿದರೆ ಪುಡಿ ಒಳಗೇ ಉಳಿಯುತ್ತದೆ. ಮಾಲಿಬ್ಡಿನಂ ಬೆರೆತ ಕಪ್ಪು ಗ್ರೀಸನ್ನು ಲೋಹದ ಬಣ್ಣ ಮುಚ್ಚುವಷ್ಟು ತೆಳುವಾಗಿ ಹಚ್ಚಿದರೆ ಸಾಕು. ಮೆತ್ತಿದರೆ ದೂಳು ಕೂರುತ್ತದೆ. 50 ತಾಸು ಕೆಲಸಕ್ಕೊಮ್ಮೆ ಇದನ್ನು ಮಾಡಿ. ಕ್ರಾಸಿನ (ಎರಡು ಯೋಕುಗಳನ್ನು ಕೂಡಿಸುವ ಅಡ್ಡಕಟ್ಟು) ಗ್ರೀಸ್ ನಿಪ್ಪಲ್ಲಿಗೂ ಒಂದರೊಳಗೊಂದು ಜಾರುವ ಕೊಳವೆಗಳಿಗೂ ಮಾತ್ರ ದಿನಾಲು, ಅಂದರೆ 8 ತಾಸಿಗೊಮ್ಮೆ ಗ್ರೀಸ್ ಬೇಕು.

ಹಲ್ಲಿನಲ್ಲಿ ಆಟ, ಅಂದರೆ ಸಡಿಲ, ಎಷ್ಟು ಬಂದಿದೆ ಎಂದು ಮನೆಯಲ್ಲೇ ನೋಡಬಹುದು. ರೋಟಾವೇಟರ್ ನೆಲಕ್ಕಿಳಿಸಿ, ಎಂಜಿನ್ ಬಂದ್ ಮಾಡಿ, ಚಾವಿ ಕಿಸೆಯಲ್ಲಿಟ್ಟುಕೊಳ್ಳಿ. ಪಿಟಿಒ ಲಿವರ್ ಹಾಕಿ. ಶಾಫ್ಟಿನ ಬುಡದಿಂದ ಯೋಕಿನ ಮೇಲಕ್ಕೆ ಸೀಮೆಸುಣ್ಣದಲ್ಲಿ ಒಂದೇ ನೇರ ಗೆರೆ ಎಳೆದು, ಯೋಕನ್ನು ಕೈಯಿಂದ ಆ ಕಡೆ ಈ ಕಡೆ ತಿರುಗಿಸಿ. ಗೆರೆ ಮುರಿಯದೆ ಎರಡೂ ಒಟ್ಟಿಗೆ ಅಲುಗಿದರೆ ಅದು ಒಳಗಿನ ಗೇರಿನ ಆಟ. ಯೋಕ್ ನಿಂತು ಅದರಾಚೆಯ ಕೊಳವೆ ಮಾತ್ರ ಅಲುಗಿದರೆ ಕ್ರಾಸ್ ಸವೆದಿದೆ, ಅದು ಸಣ್ಣ ಕೆಲಸ. ಗೆರೆ ಮುರಿದರೆ ಹಲ್ಲಿನದೇ ದೋಷ. ಹೊಸ ಜೋಡಿಯಲ್ಲೂ ತುಸು ಆಟ ಇದ್ದೇ ಇರುತ್ತದೆ. ಆದರೆ ಯೋಕಿಗೆ ಕಟ್ಟಿದ ಕೋಲು ಶಾಫ್ಟಿನ ನಡುವಿನಿಂದ ಒಂದು ಅಡಿ ದೂರದಲ್ಲಿ ಒಂದು ಸೆಂಟಿಮೀಟರ್ ಆಡಿದರೆ ಹಲ್ಲಿನಲ್ಲಿ ಅರ್ಧ ಮಿ.ಮೀ. ಸಂದು ಇದೆ ಎಂದು ಲೆಕ್ಕ. ಮುಂದಿನ ಹಂಗಾಮಿಗೆ ಮೊದಲು ತನ್ನಿ. ಎರಡು ಸೆಂಟಿಮೀಟರ್ ಆಡಿದರೆ ಗಾಡಿ ಹೊಲಕ್ಕೆ ಇಳಿಸಬೇಡಿ. ಹಲ್ಲುಗಳು ಹಗ್ಗದಂತೆ ಓರೆಯಾಗಿ ಹೊಸೆದುಕೊಂಡಿದ್ದರೆ ಅಳೆಯುವ ಮಾತೇ ಇಲ್ಲ, ಆ ಶಾಫ್ಟು ಮುಗಿಯಿತು.

ಬದುವಿನಲ್ಲಿ ತಿರುಗಿಸುವಾಗ ಪಿಟಿಒ ಬಿಡಿಸದೆ ರೋಟಾವೇಟರ್ ಎತ್ತುವ ರೂಢಿ ಬಿಡಬೇಕೆಂದು ಡ್ರೈವರ್ ಅಣ್ಣಂದಿರಲ್ಲಿ ಕಳಕಳಿಯ ವಿನಂತಿ. ಎತ್ತಿದಾಗ ಕೊಳವೆ ಶಾಫ್ಟು ಓರೆಯಾಗುತ್ತದೆ. ಓರೆಯಾದ ಕ್ರಾಸ್ ಒಂದೊಂದು ಸುತ್ತಿಗೆ ಎರಡು ಸಲ ವೇಗ ಏರಿಳಿಸುತ್ತದೆ. 540 ಸುತ್ತಿಗೆ ಅದು ನಿಮಿಷಕ್ಕೆ 1080 ಪೆಟ್ಟು. ಕಟಕಟ ಸದ್ದು ಬರುವುದು ಅದೇ. ಕೊಳವೆ ಶಾಫ್ಟ್ ಬಿಚ್ಚಿ ಮತ್ತೆ ಕೂಡಿಸುವಾಗ ಎರಡೂ ಕೊಳವೆಗಳ ತುದಿಯ ಯೋಕುಗಳ ಕಿವಿ ಒಂದೇ ನೇರಕ್ಕೆ ಬರಬೇಕು, ತಪ್ಪಿದರೆ ನೆಲದ ಮೇಲಿದ್ದಾಗಲೂ ಇದೇ ಪೆಟ್ಟು. ರಾಶಿ ಮಷಿನ್ನಿನ ಕೊಳವೆ ಶಾಫ್ಟನ್ನು ರೋಟಾವೇಟರಿಗೆ ಹಾಕುವುದೂ ಬೇಡ. ಉದ್ದ ಹೆಚ್ಚಾದರೆ ಅದು ಎರಡೂ ಕಡೆಯ ಬೇರಿಂಗ್ ಒದೆಯುತ್ತದೆ. ಕಡಿಮೆಯಾದರೆ ಕೊಳವೆ ಕಳಚುತ್ತದೆ. ಕೊಳವೆಗಳು ಕನಿಷ್ಠ ಮೂರನೇ ಒಂದು ಭಾಗ ಒಂದರೊಳಗೊಂದು ಇರಲೇಬೇಕು. ಶಿಯರ್ ಬೋಲ್ಟ್ (ಭಾರ ಮೀರಿದಾಗ ತಾನೇ ಮುರಿದು ಶಾಫ್ಟ್ ಉಳಿಸುವ ಬೋಲ್ಟ್) ಮುರಿದರೆ ಅದೇ ದರ್ಜೆಯದು ಹಾಕಿ. ಗಟ್ಟಿ ಬೋಲ್ಟ್ ಹಾಕಿದರೆ ಕಲ್ಲು ಬಡಿದಾಗ ಹಲ್ಲು ಹಾರುತ್ತದೆ.

ಹೊಸ ಕ್ರಮದಲ್ಲಿ ನಾವು ಮಾಡುವುದು ಇಷ್ಟು: ಹಿಂದಿನ ಹೌಸಿಂಗಿನ ಆಯಿಲ್ ಇಳಿಸಿ, ಕವರ್ ಬಿಚ್ಚಿ ಶಾಫ್ಟ್ ಹೊರತೆಗೆದು, ಬೇರಿಂಗ್ ನೋಡಿ, ಸೀಲ್ ಮತ್ತು ಓ ರಿಂಗ್ ಹೊಸದು ಹಾಕುತ್ತೇವೆ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ, ಅದನ್ನು ಮತ್ತೆ ತುಂಬುವುದಿಲ್ಲ. ಹೊಸ ಶಾಫ್ಟಿಗೆ ಹಳೆ ಯೋಕ್ ಹಾಕಿ ಎಂದು ದಯವಿಟ್ಟು ಒತ್ತಾಯಿಸಬೇಡಿ. ಸವೆದ ಯೋಕ್ ಅಂಚಿನಲ್ಲಷ್ಟೇ ತಾಗಿ ಹೊಸ ಹಲ್ಲನ್ನು ಬೇಗನೆ ತಿಂದುಹಾಕುತ್ತದೆ. ಬಿಡಿಭಾಗ ಸಿಗದ ಹಳೆ ಮಾದರಿಗಳಿಗೆ ಬೆಳಗಾವಿಯ ಉದ್ಯಮಬಾಗದಲ್ಲಿ ಇಎನ್-24 ಎಂಬ ಗಟ್ಟಿ ಉಕ್ಕಿನಿಂದ ಹಲ್ಲು ಕೊರೆಸಿ, ಹದ ಕೊಡಿಸಿ ತರುತ್ತೇವೆ, ಅದಕ್ಕೆ ದಿನ ಹೆಚ್ಚು ಬೇಕು. ಲೇತಿನಲ್ಲಿ ಸಾದಾ ಎಂಎಸ್ (ಮೆತ್ತನೆಯ ಉಕ್ಕು) ರಾಡಿನಿಂದ ಮಾಡಿದ ಶಾಫ್ಟ್ ಅಗ್ಗವೇನೋ ಹೌದು, ಆದರೆ ಭಾರ ಬಿದ್ದಾಗ ತಿರುಚಿಕೊಳ್ಳುತ್ತದೆ. ತೆಗೆದ ಹಳೆ ಭಾಗ ನಿಮ್ಮ ಕೈಗೇ ಕೊಡುತ್ತೇವೆ, ಕೆಲಸಕ್ಕೆ ಮೊದಲು ಅಂದಾಜು ವೆಚ್ಚ ಬರೆದುಕೊಡುತ್ತೇವೆ.

ಇನ್ನೊಂದು ಮಾತು. ಪ್ಲಾಸ್ಟಿಕ್ ಕವಚ ಇಲ್ಲದ ಕೊಳವೆ ಶಾಫ್ಟನ್ನು ಇನ್ನು ಗಾಡಿಗೆ ಜೋಡಿಸಿ ಕಳಿಸುವುದಿಲ್ಲ. ಯೋಕ್ ಕಳಚದಂತೆ ಹಿಡಿಯುವ ಲಾಕ್ ಪಿನ್ನಿನ ಜಾಗದಲ್ಲಿ ಉದ್ದನೆಯ ಬೋಲ್ಟ್ ಇದ್ದರೆ ತೆಗೆದು ಪಿನ್ನೇ ಹಾಕುತ್ತೇವೆ. ಹೊರಚಾಚಿದ ಆ ಬೋಲ್ಟಿಗೆ ಧೋತರದ ಚುಂಗೋ ಸೀರೆಯ ಸೆರಗೋ ಸಿಕ್ಕರೆ ಬಿಡಿಸಿಕೊಳ್ಳಲು ಸಮಯ ಇರುವುದಿಲ್ಲ: ಶಾಫ್ಟು ಸೆಕೆಂಡಿಗೆ ಒಂಬತ್ತು ಸುತ್ತು ಸುತ್ತುತ್ತದೆ.

ಹಿಂದೆ ನಾವೇ ವೆಲ್ಡ್ ಮಾಡಿಕೊಟ್ಟ ಶಾಫ್ಟುಗಳಿದ್ದರೆ ಕಬ್ಬಿನ ರವದಿಯಲ್ಲಿ ರೋಟಾವೇಟರ್ ಇಳಿಸುವ ಮೊದಲೇ ತನ್ನಿ. ಬಣ್ಣದ ದ್ರಾವಣ ಹಚ್ಚಿ ಬಿರುಕು ನೋಡುತ್ತೇವೆ, ಅದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ. ಬರುವಾಗ ಕೊಳವೆ ಶಾಫ್ಟ್ ಒಂದನ್ನೇ ಬಿಚ್ಚಿ ತರಬೇಡಿ. ಟ್ರ್ಯಾಕ್ಟರಿಗೆ ರೋಟಾವೇಟರ್ ಜೋಡಿಸಿಕೊಂಡೇ ಬನ್ನಿ, ಉದ್ದವನ್ನೂ ಓರೆಯನ್ನೂ ಎತ್ತಿ ಇಳಿಸಿ ಅಳೆಯಬೇಕಾಗುತ್ತದೆ.

ಇಂತಿ,
ನಿಮ್ಮ ವರ್ಕ್‌ಶಾಪಿನವರು