ಬಾಕ್ಸ್ ಮೇಲಿನ ಅಳತೆ ಬೇರೆ, ಒಳಗಿನ ಹ್ಯಾಂಡಲ್‌ಬಾರ್ ಬೇರೆ

ಇಂದ:
ಪರವಾನಗಿ ಪಡೆದ ಭೂಮಾಪಕ,
ಲಿಂಗಸುಗೂರು, ರಾಯಚೂರು ಜಿಲ್ಲೆ

ಇವರಿಗೆ:
ಕುಂದುಕೊರತೆ ಅಧಿಕಾರಿಗಳು,
ಮೋಟರ್‌ಸೈಕಲ್ ಬಿಡಿಭಾಗಗಳ ಆನ್‌ಲೈನ್ ಮಾರಾಟ ವಿಭಾಗ

ವಿಷಯ: ಜಾಲತಾಣದಲ್ಲಿ ತೋರಿಸಿದ ಅಳತೆಗೆ ಹೊಂದದ ಹ್ಯಾಂಡಲ್‌ಬಾರ್ ಕಳುಹಿಸಿ, ಹಿಂಪಡೆಯಲು ನಿರಾಕರಿಸಿರುವ ಬಗ್ಗೆ.

ಮಾನ್ಯರೇ,

ತಮ್ಮಲ್ಲಿ ಹಣ ಕಟ್ಟಿ ತರಿಸಿಕೊಂಡ ಅಲ್ಯೂಮಿನಿಯಂ ಹ್ಯಾಂಡಲ್‌ಬಾರ್ ತಮ್ಮದೇ ಜಾಲತಾಣದ ಅಳತೆಗೆ ಹೊಂದುತ್ತಿಲ್ಲ. ಹಿಂದಕ್ಕೆ ಪಡೆಯಿರಿ ಎಂದು ಕೇಳಿದ್ದಕ್ಕೆ, ಗಾಡಿಗೆ ಹಾಕಿ ನೋಡಿದ ವಸ್ತುವನ್ನು ಪಡೆಯುವುದಿಲ್ಲ ಎಂಬ ಉತ್ತರ ಬಂದಿದೆ. ಫೋನಿನಲ್ಲಿ ಮಾತನಾಡಿದವರೆಲ್ಲ ವಿನಯವಂತರೇ. ಆದರೆ ಪ್ರತಿ ಸಲವೂ ಬೇರೆಯವರು ಸಿಗುತ್ತಾರೆ, ನಾನು ಮೊದಲಿನಿಂದ ಪುರಾಣ ಬಿಚ್ಚಬೇಕಾಗುತ್ತದೆ. ಆದ್ದರಿಂದ ಎಲ್ಲವನ್ನೂ ಒಂದೇ ಕಡೆ ಬರೆದು ಕಳುಹಿಸುತ್ತಿದ್ದೇನೆ.

ನಾನು ಭೂಮಾಪಕ. ಪೋಡಿ (ಹೊಲ ಪಾಲು ಮಾಡುವುದು), ಹದ್ದುಬಸ್ತು (ಗಡಿ ಗುರುತಿಸುವುದು), 11ಇ ನಕ್ಷೆ (ಹೊಲದ ಒಂದು ಭಾಗ ಮಾರುವ ಮುನ್ನ ಬೇಕಾಗುವ ನಕ್ಷೆ) ಎಂದು ದಿನ ಬೆಳಗಾದರೆ ಹೊಲಗಳಿಗೆ ಹೋಗುವ ಕೆಲಸ. ನಮ್ಮ ಕಡೆ ಎರೆ ಮಣ್ಣು ಮಳೆಗೆ ನೆನೆದರೆ ಸಾಮಾನ್ಯ ಬೈಕಿನ ಮಡ್‌ಗಾರ್ಡ್‌ಗೂ ಟೈರಿಗೂ ನಡುವೆ ಗಟ್ಟಿಯಾಗಿ ತುಂಬಿಕೊಂಡು ಗಾಲಿಯನ್ನೇ ನಿಲ್ಲಿಸಿಬಿಡುತ್ತದೆ. ಮುದಗಲ್ ಕಡೆಗೆ ಹೋದರೆ ಬರೀ ಕಲ್ಲು. ಅದಕ್ಕೇ ಮುಂದಿನ ಮಡ್‌ಗಾರ್ಡ್ ಎತ್ತರದಲ್ಲಿರುವ, ಡಾಂಬರು ರಸ್ತೆಗೂ ಕಚ್ಚಾ ದಾರಿಗೂ ಆಗುವ ಡ್ಯುಯಲ್ ಸ್ಪೋರ್ಟ್ ಬೈಕ್ ಇಟ್ಟುಕೊಂಡಿದ್ದೇನೆ. ನಾರಾಯಣಪುರ ಬಲದಂಡೆ ಕಾಲುವೆಯ ಏರಿಯ ಮೇಲೆ ಫುಟ್‌ರೆಸ್ಟ್ ಮೇಲೆ ನಿಂತುಕೊಂಡೇ ಗಾಡಿ ಓಡಿಸಬೇಕಾಗುತ್ತದೆ. ಕಂಪನಿಯಿಂದ ಬಂದ ಹ್ಯಾಂಡಲ್‌ಬಾರ್ ಕುಳಿತಾಗ ಸರಿ, ನಿಂತಾಗ ತಗ್ಗು. ಸೊಂಟ ಬಗ್ಗಿಸಿಯೇ ಹಿಡಿಯಬೇಕು. ಸ್ವಲ್ಪ ಎತ್ತರದ್ದು ಬೇಕೆಂದು ತಮ್ಮಲ್ಲಿ ಕೇಳಿದ್ದು ಇದೇ ಕಾರಣಕ್ಕೆ. ಶೋಕಿಗಲ್ಲ.

ಹ್ಯಾಂಡಲ್‌ಬಾರ್ ಆರಿಸುವಾಗ ಬಣ್ಣ ಕೊನೆಗೆ ಬರುತ್ತದೆ. ಬಾರನ್ನು ಗಾಡಿಗೆ ಬಿಗಿಯುವ ಕ್ಲಾಂಪ್ ಹಿಡಿಯುವ ನಡುಭಾಗದ ವ್ಯಾಸ, ತುದಿಯಿಂದ ತುದಿಗೆ ಅಗಲ, ಎತ್ತರ, ಸವಾರನ ಕಡೆಗೆ ಎಷ್ಟು ಬಾಗಿದೆ ಎಂಬುದು, ಇಷ್ಟು ತಿಳಿಯದೆ ಕೊಳ್ಳುವುದೆಂದರೆ ಪಹಣಿ ನೋಡದೆ ಹೊಲ ಕೊಂಡಂತೆ. ನನ್ನ ಹಳೆಯ ಬಾರ್ ಉಕ್ಕಿನದು: ನಡುವಿನ ವ್ಯಾಸ 22 ಮಿ.ಮೀ., ಅಗಲ 800, ಎತ್ತರ 70. ತಮ್ಮ ಜಾಲತಾಣದಲ್ಲಿ ನಾನು ಆರಿಸಿದ್ದರ ವಿವರ ಹೀಗಿತ್ತು: ವ್ಯಾಸ 22, ಅಗಲ 800, ಎತ್ತರ 90, ಹಿಂದಕ್ಕೆ ಬಾಗಿದ್ದು 60 ಮಿ.ಮೀ. ಎತ್ತರ ಇಪ್ಪತ್ತೇ ಮಿ.ಮೀ. ಹೆಚ್ಚು ಸಾಕು ಎಂದು ನಿರ್ಧರಿಸಿದ್ದಕ್ಕೂ ಕಾರಣವಿದೆ. ಅದಕ್ಕಿಂತ ಹೆಚ್ಚಾದರೆ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಮುಂದಿನ ಬ್ರೇಕಿನ ಹೋಸ್ (ಬ್ರೇಕ್ ಎಣ್ಣೆಯ ಕೊಳವೆ) ಎಲ್ಲವನ್ನೂ ಉದ್ದದ್ದಕ್ಕೆ ಬದಲಾಯಿಸಬೇಕಾದೀತು. ಇದನ್ನೇ ಹಣ ಕಟ್ಟುವ ಮೊದಲು ತಮ್ಮ ಪ್ರತಿನಿಧಿಗೆ ಬರೆದು ಕೇಳಿದ್ದೆ. 'ಈಗಿರುವ ಕೇಬಲ್‌ಗಳೇ ಸಾಕು, ತೊಂದರೆ ಇಲ್ಲ ಸರ್' ಎಂದು ಉತ್ತರ ಬಂತು. ಆ ಸಂಭಾಷಣೆಯ ಪ್ರತಿ ಲಗತ್ತಿಸಿದ್ದೇನೆ.

ಪಾರ್ಸೆಲ್ ಬಂತು. ಬಾಕ್ಸಿನ ಮೇಲಿನ ಚೀಟಿಯಲ್ಲಿ ನಾನು ಆರಿಸಿದ ಮಾದರಿಯ ಹೆಸರೇ ಇತ್ತು. ನಮ್ಮೂರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಹಳೆಯದನ್ನು ಬಿಚ್ಚಿ, ಹೊಸದನ್ನು ಕ್ಲಾಂಪಿನಲ್ಲಿ ಕೂರಿಸಿದರು. ನಡುವಿನ ವ್ಯಾಸ ಸರಿಯಾಗಿತ್ತು, ಬೋಲ್ಟ್‌ಗಳು ಕುಳಿತವು. ಆದರೆ ಬಲಕ್ಕೆ ಪೂರ್ತಿ ತಿರುಗಿಸಿದರೆ ಸ್ವಿಚ್ ಬಾಕ್ಸ್ ಹೋಗಿ ಪೆಟ್ರೋಲ್ ಟ್ಯಾಂಕಿಗೆ ಬಡಿಯುತ್ತದೆ. ನನ್ನ ಹೆಬ್ಬೆರಳು ಆ ಸಂದಿಯಲ್ಲಿ ಸಿಕ್ಕಿಕೊಂಡಿದ್ದು ಬೇರೆ ಮಾತು. ಮೆಕ್ಯಾನಿಕ್‌ಗೆ ಅನುಮಾನ ಬಂದು ಎಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ಮುಟ್ಟದೆ ಹ್ಯಾಂಡಲನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿದರು. ಯಾರೂ ಏನೂ ಮಾಡದೆ ಎಂಜಿನ್ ಸದ್ದು ಏರುತ್ತಾ ಹೋಯಿತು. ಕೇಬಲ್ ಜಗ್ಗಿ, ತಾನೇ ಆಕ್ಸಿಲರೇಟರ್ ಕೊಡುತ್ತಿತ್ತು. ನೇರಕ್ಕೆ ತಂದರೆ ಸದ್ದು ಇಳಿಯಿತು. ಬ್ರೇಕಿನ ಹೋಸ್ ಕೂಡ ಬಿಗಿದ ಹಗ್ಗದಂತೆ ನಿಂತಿತ್ತು. 'ಇದನ್ನು ಹೀಗೇ ಬಿಟ್ಟರೆ ಕಾಲುವೆ ಏರಿಯ ಮೇಲೆ ಗಾಡಿ ತಿರುಗಿಸುವಾಗ ನೀವು ಕಾಲುವೆಯಲ್ಲೇ ಇರುತ್ತೀರಿ' ಎಂದರು ಅವರು. ಅಲ್ಲಿಯೇ ಬಿಚ್ಚಿಸಿದೆ. ರಸ್ತೆಗೆ ಇಳಿಸಲೇ ಇಲ್ಲ.

ಮನೆಗೆ ತಂದು ಪಡಸಾಲೆಯ ಕಡಪಾ ಕಲ್ಲಿನ ಮೇಲೆ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಮೂಲೆಮಟ್ಟ ಹಿಡಿದು ಅಳೆದೆ. ಹೊಸದರ ಅಗಲ 740, ಎತ್ತರ 130, ಹಿಂದಕ್ಕೆ ಬಾಗಿದ್ದು 85 ಮಿ.ಮೀ. ಇದು ನಾನು ಕೇಳಿದ ಮಾದರಿಯೇ ಅಲ್ಲ, ಬೇರೆ ಯಾವುದೋ ಬಾರಿಗೆ ಆ ಮಾದರಿಯ ಚೀಟಿ ಅಂಟಿಸಲಾಗಿದೆ. ಟೇಪು ಇಟ್ಟಿರುವಂತೆಯೇ ತೆಗೆದ ಫೋಟೊಗಳನ್ನು ಕಳುಹಿಸಿದೆ. 'ತಯಾರಿಕೆಯಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಸಹಜ' ಎಂಬ ಉತ್ತರ ಬಂತು. ಸ್ವಾಮಿ, ತೊಂಬತ್ತು ಎಂದು ಬರೆದಲ್ಲಿ ನೂರಾ ಮೂವತ್ತು ಇದ್ದರೆ ಅದು ಅಲ್ಪಸ್ವಲ್ಪವೇ? ನಾನು ಹಾಕಿದ ಬಾಂದು ಕಲ್ಲು ಇದೇ ಲೆಕ್ಕದಲ್ಲಿ ಆಚೀಚೆಯಾದರೆ ಅಣ್ಣತಮ್ಮಂದಿರು ನನ್ನನ್ನು ಹೊಲದಿಂದ ಹೊರಗೆ ಬಿಡುತ್ತಾರೆಯೇ?

ಮುಂದಿನ ಉತ್ತರ ಇನ್ನೂ ವಿಚಿತ್ರ. ನಡುಭಾಗದಲ್ಲಿ ಕ್ಲಾಂಪಿನ ಗುರುತು ಮೂಡಿರುವುದರಿಂದ ಅದು 'ಬಳಸಿದ ವಸ್ತು' ಎನ್ನುತ್ತೀರಿ. ಕ್ಲಾಂಪಿಗೆ ಕೂರಿಸದೆ ಕೇಬಲ್ ಸಾಲುತ್ತದೋ ಇಲ್ಲವೋ, ಟ್ಯಾಂಕಿಗೆ ತಾಗುತ್ತದೋ ಇಲ್ಲವೋ ಎಂದು ತಿಳಿಯುವ ಉಪಾಯ ತಮ್ಮ ಬಳಿ ಇದ್ದರೆ ದಯವಿಟ್ಟು ತಿಳಿಸಿ. ಗುರುತು ಬಿದ್ದದ್ದು ತಮ್ಮ ತಪ್ಪನ್ನು ಕಂಡುಹಿಡಿಯುವಾಗ, ಸವಾರಿ ಮಾಡುವಾಗಲ್ಲ.

ಸಮಾಧಾನಕ್ಕೆಂದು ತಮ್ಮ ಪ್ರತಿನಿಧಿ ಇನ್ನೊಂದು ದಾರಿ ಸೂಚಿಸಿದರು: ಹೆಚ್ಚಿನ ಹಣ ಕೊಟ್ಟು 28 ಮಿ.ಮೀ. ದಪ್ಪದ ಬಾರ್ ತೆಗೆದುಕೊಳ್ಳಿ, ಅದು ಎಲ್ಲ ಬೈಕ್‌ಗಳಿಗೂ ಆಗುತ್ತದೆ ಎಂದು. ಆಗುವುದಿಲ್ಲ. ಆ ಬಗೆಯ ಬಾರ್‌ಗಳು ನಡುವಿನಲ್ಲಿ ಮಾತ್ರ 28.6 ಮಿ.ಮೀ. ಇರುತ್ತವೆ, ಗ್ರಿಪ್ಪಿನ ಹತ್ತಿರ ಸಣ್ಣಗಾಗಿ ಮತ್ತೆ 22ಕ್ಕೇ ಬರುತ್ತವೆ. ಸ್ವಿಚ್ಚು, ಲಿವರ್ ಹಿಡಿಯುತ್ತವೆ, ಕ್ಲಾಂಪ್ ಹಿಡಿಯುವುದಿಲ್ಲ. ನನ್ನ 22ರ ಕ್ಲಾಂಪಿನ ಮೇಲೆ ಅದನ್ನು ಕೂರಿಸಬೇಕೆಂದರೆ ಬೇರೆ ಅಡಾಪ್ಟರ್ ಬೇಕು. ಅಡಾಪ್ಟರ್ ಹಾಕಿದರೆ ಬಾರ್ ಇನ್ನಷ್ಟು ಮೇಲೇರುತ್ತದೆ, ಕೇಬಲ್ ಮತ್ತೆ ಸಾಲುವುದಿಲ್ಲ. ಹುಲಿಗೆ ಹೆದರಿ ಹುತ್ತ ಹತ್ತಿದಂತಾಯಿತು.

ಇನ್ನು ಕೆಲವು ಸಂಗತಿಗಳನ್ನು ದೂರೆಂದಲ್ಲ, ಮುಂದೆ ಕೊಳ್ಳುವವರಿಗಾಗಿ ಹೇಳುತ್ತೇನೆ. ಸ್ವಿಚ್ ಬಾಕ್ಸಿನ ಒಳಗಿರುವ ಚಿಕ್ಕ ಪಿನ್ ಕೂರಲು ಹಳೆಯ ಬಾರಿನಲ್ಲಿ ತೂತು ಇತ್ತು, ತಮ್ಮದರಲ್ಲಿ ಇಲ್ಲ. ಕಂಡಕಂಡಲ್ಲಿ ಡ್ರಿಲ್ ಇಟ್ಟರೆ ಬಾರ್ ದುರ್ಬಲವಾಗುತ್ತದೆಂದು ಮೆಕ್ಯಾನಿಕ್ ಒಪ್ಪಲಿಲ್ಲ, ಅದು ಸರಿಯಾದ ಮಾತೇ. ಗಾಡಿ ಬಿದ್ದರೆ ಉಕ್ಕಿನ ಬಾರ್ ಬಾಗುತ್ತದೆ, ಹಳ್ಳಿಯ ಮೆಕ್ಯಾನಿಕ್ ಅದನ್ನು ಒಂದಿಷ್ಟು ನೆಟ್ಟಗೆ ಮಾಡಿಕೊಡುತ್ತಾರೆ. ಬಾಗಿದ ಅಲ್ಯೂಮಿನಿಯಂ ಬಾರನ್ನು ನೆಟ್ಟಗೆ ಮಾಡಲು ಹೋಗಬಾರದು, ಬಿರುಕು ಬಿಟ್ಟು ಒಂದು ದಿನ ಮುರಿಯುತ್ತದೆ. ಇನ್ನು, ಅಲ್ಯೂಮಿನಿಯಂ ಬಾರಿನ ಗೋಡೆ ದಪ್ಪವಾದ್ದರಿಂದ ಒಳರಂಧ್ರ ಕಿರಿದು. ಹಳೆಯ ಬಾರಿನ ತುದಿಯಲ್ಲಿದ್ದ ತೂಕದ ಗುಂಡುಗಳು ಅದರೊಳಗೆ ಹೋಗುವುದಿಲ್ಲ. ಇದನ್ನೆಲ್ಲ ತಮ್ಮ ಜಾಲತಾಣದಲ್ಲಿ ಒಂದು ಸಾಲಿನಲ್ಲಾದರೂ ಬರೆಯಬಹುದಿತ್ತು. 'ಎಲ್ಲ ಬೈಕ್‌ಗಳಿಗೂ ಹೊಂದುತ್ತದೆ' ಎಂದು ದಪ್ಪಕ್ಷರದಲ್ಲಿ ಬರೆಯಲು ಜಾಗವಿತ್ತಲ್ಲ.

ಕಾನೂನಿನ ಮಾತು. ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು, 2020ರ ಪ್ರಕಾರ ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಇಲ್ಲದ ವಸ್ತುವನ್ನು ಹಿಂಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಕುಂದುಕೊರತೆ ಅಧಿಕಾರಿ ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ತಮ್ಮ ಷರತ್ತುಗಳಲ್ಲಿ ಯಾವುದೇ ವ್ಯಾಜ್ಯಕ್ಕೆ ದೆಹಲಿಗೇ ಬರಬೇಕೆಂದು ಬರೆದಿರುವುದನ್ನು ಓದಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಲು ಅವಕಾಶ ಕೊಟ್ಟಿದೆ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಕಚೇರಿ ಕೆಲಸಕ್ಕೆ ರಾಯಚೂರಿಗೆ ಹೇಗೂ ಹೋಗುತ್ತಿರುತ್ತೇನೆ.

ನನಗೆ ಬೇಕಿರುವುದು ಇಷ್ಟು: ಪೂರ್ತಿ ಹಣ ವಾಪಸು, ತಮ್ಮ ಖರ್ಚಿನಲ್ಲಿ ಬಾರನ್ನು ಒಯ್ಯುವ ವ್ಯವಸ್ಥೆ, ಮತ್ತು ಗ್ಯಾರೇಜಿನಲ್ಲಿ ಹಾಕಿ ಬಿಚ್ಚಿಸಿದ ಕೂಲಿ. ಅದರ ರಸೀದಿಯೂ ಜೊತೆಗಿದೆ. ಬದಲಿ ಬಾರ್ ಬೇಡ. ಜೊತೆಗೆ, ಅದೇ ಚೀಟಿ ಅಂಟಿಸಿದ ಉಳಿದ ಬಾಕ್ಸ್‌ಗಳನ್ನು ಗೋದಾಮಿನಲ್ಲಿ ಬಿಚ್ಚಿಸಿ ಅಳೆಸಿ. ಹ್ಯಾಂಡಲ್ ತಿರುಗಿಸಿ ಪರೀಕ್ಷಿಸದ ಮೆಕ್ಯಾನಿಕ್ ಕೈಗೆ ಅದು ಸಿಕ್ಕರೆ, ತಿರುವಿನಲ್ಲಿ ಗಾಡಿ ತಾನಾಗಿಯೇ ವೇಗ ಹೆಚ್ಚಿಸಿಕೊಂಡಾಗ ಹುಡುಗನೊಬ್ಬ ಬೀಳುತ್ತಾನೆ.

ಬಾರನ್ನು ಅದೇ ಬಾಕ್ಸಿನಲ್ಲಿ ಕಟ್ಟಿಟ್ಟಿದ್ದೇನೆ, ಚೀಟಿ ಕಿತ್ತಿಲ್ಲ. ಕೊರಿಯರ್‌ನವರು ಬರುವ ಮುನ್ನ ಫೋನ್ ಮಾಡಲಿ. ಮಧ್ಯಾಹ್ನದವರೆಗೆ ನಾನು ಹೊಲದಲ್ಲಿರುತ್ತೇನೆ, ಮನೆಯಲ್ಲಿ ಸಹಿ ಮಾಡುವವರು ಇರುವುದಿಲ್ಲ.

ಇಂತಿ,
ತಮ್ಮ ಗ್ರಾಹಕ

ಲಗತ್ತು: ಬಿಲ್ಲು, ಖರೀದಿಗೆ ಮುನ್ನ ನಡೆದ ಸಂಭಾಷಣೆಯ ಪ್ರತಿ, ಅಳತೆಯ ಫೋಟೊಗಳು, ಗ್ಯಾರೇಜಿನ ರಸೀದಿ.