ಮೆರವಣಿಗೆಯಿಂದ ಶುರು ಮಾಡಬೇಡ

ಪ್ರೀತಿಯ ತಂಗಿಗೆ,

ನಿನ್ನ ಕರಡು ಓದಿದೆ. ಫ್ರೆಂಚ್ ಉಳಿಸಿಕೊಳ್ಳಲು ಹೋರಾಡುವ ಒಕ್ಕೂಟಗಳ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ, ಹಾಗಾಗಿ ಖುಷಿಯಾಯಿತು. ಆದರೆ ಮೊದಲ ಪುಟದಿಂದಲೇ ಬಾವುಟ, ಘೋಷಣೆ, ಜನಸಾಗರ. ಮೂರನೇ ಪುಟಕ್ಕೆ ಬಂದರೂ ಈ ಜನ ಯಾರ ಹತ್ತಿರ ಏನು ಕೇಳುತ್ತಿದ್ದಾರೆ ಅನ್ನುವುದೇ ತಿಳಿಯಲಿಲ್ಲ. ಯಾವ ಆದೇಶ ರದ್ದಾಗಬೇಕು, ಯಾವ ಕಲಮು ಸೇರಬೇಕು, ಅದನ್ನು ಮಾಡುವ ಅಧಿಕಾರ ಯಾರ ಕೈಯಲ್ಲಿದೆ? ಇದು ಸಿಗುವವರೆಗೂ ಬರೆಯಲು ಕೂರಬೇಡ.

ಇನ್ನೊಂದು ದೊಡ್ಡ ತೊಡಕು: ಕೆನಡಾದ ಕ್ವಿಬೆಕ್ ಮತ್ತು ಒಂಟಾರಿಯೊ ಪ್ರಾಂತ್ಯಗಳು, ಫ್ರಾನ್ಸ್ ಮೂರನ್ನೂ ಒಂದೇ ಚೀಲಕ್ಕೆ ತುಂಬಿದ್ದೀಯ. ಕ್ವಿಬೆಕ್‌ನಲ್ಲಿ ಫ್ರೆಂಚ್ ಭಾಷಿಕರೇ ಬಹುಸಂಖ್ಯಾತರು, ಸರ್ಕಾರವೂ ಅವರದೇ. ಅಲ್ಲಿನ ಬೇಡಿಕೆ ಕಾನೂನು ಬಿಗಿ ಮಾಡಿ ಎನ್ನುವುದು. ಒಂಟಾರಿಯೊದಲ್ಲಿ ಅವರು ಅಲ್ಪಸಂಖ್ಯಾತರು, ಇರುವ ಶಾಲೆ, ಆಸ್ಪತ್ರೆ ಮುಚ್ಚಬೇಡಿ ಎಂದು ಕೇಳುವವರು. ಇವರಿಬ್ಬರ ಹಿತ ಎದುರುಬದುರಾಗುವುದೂ ಉಂಟು. ಯೂಕಾನ್ ಕೇಂದ್ರಾಡಳಿತ ಪ್ರದೇಶದ (ಟೆರಿಟರಿ) ಫ್ರೆಂಚ್ ಶಾಲಾ ಮಂಡಳಿಯ ಮೊಕದ್ದಮೆ ಕೆನಡಾದ ಸುಪ್ರೀಂ ಕೋರ್ಟಿಗೆ ಹೋದಾಗ ಕ್ವಿಬೆಕ್ ಸರ್ಕಾರ ನಿಂತದ್ದು ಯೂಕಾನ್ ಸರ್ಕಾರದ ಪರ. ಅಲ್ಪಸಂಖ್ಯಾತ ಶಾಲೆಗಳ ಹಕ್ಕು ಹಿಗ್ಗಿದರೆ ತನ್ನಲ್ಲಿರುವ ಇಂಗ್ಲಿಷ್ ಶಾಲೆಗಳೂ ಅದನ್ನೇ ಕೇಳುತ್ತವೆ ಎಂಬ ಭಯ. ತೀರ್ಪು ಬಂದದ್ದು 2015ರಲ್ಲಿ. ಈ ಒಂದು ಸಂಗತಿಯನ್ನು ಬಿಟ್ಟು 'ಜಗತ್ತಿನ ಫ್ರೆಂಚರೆಲ್ಲ ಒಗ್ಗಟ್ಟಾಗಿದ್ದಾರೆ' ಎಂದು ಬರೆದರೆ ಬಲ್ಲವರು ಅಲ್ಲಿಗೇ ಓದು ನಿಲ್ಲಿಸುತ್ತಾರೆ.

ನನ್ನ ಸಲಹೆ, ಒಂದೇ ಪ್ರಕರಣ ಹಿಡಿ. ಒಂಟಾರಿಯೊದ ಒಟ್ಟಾವಾದಲ್ಲಿ ಫ್ರೆಂಚ್‌ನಲ್ಲಿ ಸೇವೆ ಕೊಡುವ ಮೊಂಫೋರ್ ಆಸ್ಪತ್ರೆಯಷ್ಟು ಒಳ್ಳೆಯದು ನಿನಗೆ ಸಿಗಲಾರದು. 1997ರ ಫೆಬ್ರವರಿ 24ರಂದು ಒಂಟಾರಿಯೊದ ಆರೋಗ್ಯ ಸೇವೆಗಳ ಪುನಾರಚನಾ ಆಯೋಗ ಅದನ್ನು ಮುಚ್ಚುವುದಾಗಿ ಹೇಳಿತು. ವಾನಿಯೇ ಪಟ್ಟಣದ ಮಾಜಿ ಮೇಯರ್ ಜಿಸೆಲ್ ಲಾಲೋಂಡ್ ಮುಂದಾಳಾಗಿ 'ಎಸ್‌ಒಎಸ್ ಮೊಂಫೋರ್' ಎಂಬ ಹೋರಾಟದ ಒಕ್ಕೂಟ ಹುಟ್ಟಿಕೊಂಡಿತು. ಒಂದು ತಿಂಗಳೂ ಆಗಿರಲಿಲ್ಲ, ಮಾರ್ಚ್ 22ರ ಸಭೆಗೆ ಸುಮಾರು 10,000 ಜನ ಸೇರಿದರು. ನಿನ್ನ ಕರಡಿನಲ್ಲಿ ಈ ಸಭೆಗೆ ಎರಡು ಪುಟ, ಉಳಿದದ್ದಕ್ಕೆ ಒಂದು ಪ್ಯಾರಾ. ತಿರುಗಿಸಿ ಹಾಕು.

ಕಥೆಯ ಗಂಟು ಇರುವುದು ಆಗಸ್ಟ್‌ನಲ್ಲಿ. ಆಯೋಗ ತನ್ನ ನಿರ್ಧಾರ ತಿದ್ದಿ, ಆಸ್ಪತ್ರೆ ಇರಲಿ, ಆದರೆ ಬಹಳಷ್ಟು ಸೇವೆಗಳನ್ನು ಕತ್ತರಿಸೋಣ ಎಂದಿತು. ಒಕ್ಕೂಟಗಳು ಸಾಮಾನ್ಯವಾಗಿ ಒಡೆಯುವುದು ಇಂಥ ಹೊತ್ತಿನಲ್ಲೇ. ಅರ್ಧ ಕೊಟ್ಟಾಗ 'ಇಷ್ಟಾದರೂ ಸಿಕ್ಕಿತಲ್ಲ' ಎನ್ನುವವರು ಮನೆಗೆ ಹೋಗುತ್ತಾರೆ, ಉಳಿದವರು ಹಟಮಾರಿಗಳೆನಿಸಿಕೊಳ್ಳುತ್ತಾರೆ. ಎಸ್‌ಒಎಸ್ ಮೊಂಫೋರ್ ಒಪ್ಪದಿರಲು ಗಟ್ಟಿ ಕಾರಣವಿತ್ತು: ಒಂಟಾರಿಯೊದಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಫ್ರೆಂಚ್‌ನಲ್ಲಿ ತರಬೇತಿ ಕೊಡುತ್ತಿದ್ದ ಆಸ್ಪತ್ರೆ ಅದೊಂದೇ. ವಿಭಾಗಗಳು ಹೋದರೆ ತರಬೇತಿ ನಿಲ್ಲುತ್ತದೆ, ತರಬೇತಿ ನಿಂತರೆ ಮುಂದೆ ಫ್ರೆಂಚ್ ಬಲ್ಲ ಡಾಕ್ಟರೇ ಇರುವುದಿಲ್ಲ, ಕಟ್ಟಡ ಮಾತ್ರ ಉಳಿಯುತ್ತದೆ. ಬೀದಿಯಲ್ಲಿ ಕೂಗಿದ್ದನ್ನು ಕೋರ್ಟಿನಲ್ಲಿ ಅಫಿಡವಿಟ್ಟುಗಳ ಮೂಲಕ, ತಜ್ಞರ ಸಾಕ್ಷ್ಯದ ಮೂಲಕ ಗಟ್ಟಿಯಾಗಿ ನಿಲ್ಲುವಂತೆ ಮಾಡಿದ್ದು ಈ ವಾದವೇ.

ತೀರ್ಪನ್ನು ಬರೆಯುವಾಗ 'ಕೋರ್ಟು ಫ್ರೆಂಚ್ ಪರ ತೀರ್ಪು ಕೊಟ್ಟಿತು' ಎಂದು ಮುಗಿಸಬೇಡ. 1999ರ ನವೆಂಬರ್ 29ರಂದು ಕೆಳಗಿನ ಪೀಠದಲ್ಲಿ ಗೆದ್ದರು, ಸರ್ಕಾರ ಮೇಲ್ಮನವಿ ಹಾಕಿತು, 2001ರ ಡಿಸೆಂಬರ್ 7ರಂದು ಮತ್ತೆ ಗೆದ್ದರು. ಆದರೆ ಮೇಲ್ಮನವಿ ನ್ಯಾಯಾಲಯ ಅವರ ಸಮಾನತೆಯ ವಾದವನ್ನು ಒಪ್ಪಲಿಲ್ಲ. ಕೈಹಿಡಿದದ್ದು ಎರಡು. ಅಲ್ಪಸಂಖ್ಯಾತರ ರಕ್ಷಣೆ ಎಂಬ, ಸಂವಿಧಾನದಲ್ಲಿ ಅಕ್ಷರದಲ್ಲಿ ಬರೆಯದ ತತ್ವ ಒಂದು. 1986ರ ಫ್ರೆಂಚ್ ಭಾಷಾ ಸೇವೆಗಳ ಕಾಯ್ದೆ ಇನ್ನೊಂದು. ಆ ಕಾಯ್ದೆಯಡಿ ಗುರುತಿಸಲ್ಪಟ್ಟ ಸಂಸ್ಥೆಯ ಸೇವೆಯನ್ನು ಮೊಟಕುಗೊಳಿಸಬೇಕಾದರೆ ಅದು 'ಸಮಂಜಸ ಮತ್ತು ಅಗತ್ಯ' ಎಂದು ತೋರಿಸಬೇಕು. ಆಯೋಗ ತೋರಿಸಿರಲಿಲ್ಲ. ಹದಿನೈದು ವರ್ಷ ಮೊದಲು ಕಾಯ್ದೆಗೆ ಸೇರಿದ್ದ ಎರಡು ಪದ 2001ರಲ್ಲಿ ಆಸ್ಪತ್ರೆ ಉಳಿಸಿದವು. ಓದುಗ ನೆನಪಿಟ್ಟುಕೊಳ್ಳುವುದು ಇದನ್ನು.

ಕ್ವಿಬೆಕ್ ಬೇಕೇ ಬೇಕು ಅಂದರೆ ಕಾಲಾನುಕ್ರಮ ಕೆಡಿಸಬೇಡ. 1969ರಲ್ಲಿ 63ನೇ ಮಸೂದೆ ಮಕ್ಕಳ ಕಲಿಕಾ ಮಾಧ್ಯಮದ ಆಯ್ಕೆಯನ್ನು ಪೋಷಕರಿಗೆ ಬಿಟ್ಟಿತು. ಅದರ ವಿರುದ್ಧ ಕಾರ್ಮಿಕ ಸಂಘಗಳಿಂದ ಸೇಂಟ್ ಜಾನ್ ಬ್ಯಾಪ್ಟಿಸ್ಟ್ ಸೊಸೈಟಿ ಎಂಬ ಹಳೆಯ ಫ್ರೆಂಚ್ ಅಭಿಮಾನಿ ಸಂಘದವರೆಗೆ ಒಬ್ಬರಿಗೊಬ್ಬರು ಆಗದವರೆಲ್ಲ ಒಂದು ರಂಗ ಕಟ್ಟಿದರು. ಮಸೂದೆ ಆದರೂ ಪಾಸಾಯಿತು. ಎಂಟು ವರ್ಷದ ನಂತರ, 1977ರ ಆಗಸ್ಟ್‌ನಲ್ಲಿ, 101ನೇ ಕಾನೂನು ಆ ಆಯ್ಕೆಯನ್ನು ಬಹುತೇಕ ಕಿತ್ತುಕೊಂಡಿತು. ಸೋತ ರಂಗದ ಬೇಡಿಕೆ ಕಾನೂನಾದ ಬಗೆಯನ್ನು ಹುಡುಕು, ಅಲ್ಲೊಂದು ಇಡೀ ಲೇಖನವಿದೆ.

ನಾಮಫಲಕದ ಮಾತು ಬಂದಾಗ ನಮ್ಮವರು ತಕ್ಷಣ 60 ಶೇಕಡಾ ನಿಯಮ ಎತ್ತುತ್ತಾರೆ. ಹೋಲಿಸು, ಆದರೆ ಅಳತೆ ಸರಿಯಾಗಿ ಹೇಳು. ನಮ್ಮ 2024ರ ತಿದ್ದುಪಡಿ ಫಲಕದ ಶೇ 60 ಭಾಗ ಕನ್ನಡಕ್ಕೆ ಎನ್ನುತ್ತದೆ. ಕ್ವಿಬೆಕ್‌ನಲ್ಲಿ 2025ರ ಜೂನ್ 1ರಿಂದ ಫ್ರೆಂಚ್ ಬರಹಕ್ಕೆ ಬೇರೆ ಭಾಷೆಯ ಬರಹದ ಎರಡರಷ್ಟು ಜಾಗ ಬೇಕು. ಇನ್ನು, 1988ರ ಡಿಸೆಂಬರ್‌ನಲ್ಲಿ ಕೆನಡಾದ ಸುಪ್ರೀಂ ಕೋರ್ಟು ಫಲಕದಲ್ಲಿ ಫ್ರೆಂಚ್ ಮಾತ್ರ ಇರಬೇಕೆಂಬುದನ್ನು ತಳ್ಳಿಹಾಕಿದರೂ, ಫ್ರೆಂಚ್ ಎದ್ದು ಕಾಣಬೇಕು ಎಂದರೆ ತಪ್ಪಿಲ್ಲ ಎಂದೇ ಹೇಳಿತ್ತು. ಅನೇಕರು ಮೊದಲರ್ಧ ಬರೆದು ಎರಡನೆಯದನ್ನು ನುಂಗುತ್ತಾರೆ.

ಫ್ರಾನ್ಸ್‌ನ ಭಾಗ ಚಿಕ್ಕದಿರಲಿ. ಫ್ರೆಂಚ್ ಬಳಕೆ ಕಡ್ಡಾಯ ಮಾಡುವ 1994ರ ತೂಬೋಂ ಕಾನೂನಿನಡಿ ಭಾಷಾ ಸಂಘಗಳೂ ಕೋರ್ಟಿಗೆ ಹೋಗಬಹುದು, ಆದರೆ ಸರ್ಕಾರದ ಮಾನ್ಯತೆ ಇರಬೇಕು. ಮೆಟ್ಸ್‌ನ ಜಾರ್ಜಿಯಾ ಟೆಕ್ ಲೊರೇನ್ ಎಂಬ, ಅಮೆರಿಕದ ವಿಶ್ವವಿದ್ಯಾಲಯವೊಂದರ ಶಾಖೆಯ ಇಂಗ್ಲಿಷ್ ಜಾಲತಾಣದ ಮೇಲೆ ಎರಡು ಸಂಘಗಳು ಹೂಡಿದ ದಾವೆ 1997ರಲ್ಲಿ ಬಿದ್ದುಹೋದದ್ದು ಕಾರ್ಯವಿಧಾನದ ತಪ್ಪಿನಿಂದ. ಜಾಲತಾಣಕ್ಕೆ ಕಾನೂನು ಅನ್ವಯಿಸುತ್ತದೆಯೇ ಎಂಬುದು ತೀರ್ಮಾನವಾಗಲೇ ಇಲ್ಲ. ದೊಡ್ಡ ದಂಡ ಬಿದ್ದದ್ದು 2006ರಲ್ಲಿ, ಜಿಇ ಮೆಡಿಕಲ್ ಸಿಸ್ಟಮ್ಸ್‌ಗೆ 5,80,000 ಯೂರೊ. ಅದನ್ನು ಗೆದ್ದವರು ನೌಕರರ ಪ್ರತಿನಿಧಿಗಳು, ಕೆಲಸದ ದಾಖಲೆ, ಸಾಫ್ಟ್‌ವೇರ್ ಇಂಗ್ಲಿಷಿನಲ್ಲಿ ಮಾತ್ರ ಇವೆ ಎಂದು ದೂರಿದವರು. ಅಭಿಮಾನದ ಭಾಷಣಕ್ಕಿಂತ ದುಡಿಯುವವರ ಕಷ್ಟ ಕೋರ್ಟಿನಲ್ಲಿ ಬೇಗ ನಾಟುತ್ತದೆ ಅನ್ನಿಸುತ್ತದೆ.

ಅಂಕಿಅಂಶದ ಬಗ್ಗೆ ಒಂದು ಮಾತು. ಕೆನಡಾದ ಜನಗಣತಿಯಲ್ಲಿ ಮಾತೃಭಾಷೆ, ಮನೆಯಲ್ಲಿ ಹೆಚ್ಚಾಗಿ ಆಡುವ ಭಾಷೆ, ಮೊದಲ ಅಧಿಕೃತ ಭಾಷೆ ಬೇರೆ ಬೇರೆ. 2016ರಿಂದ 2021ಕ್ಕೆ ಕ್ವಿಬೆಕ್‌ನಲ್ಲಿ ಮನೆಯಲ್ಲಿ ಹೆಚ್ಚಾಗಿ ಫ್ರೆಂಚ್ ಆಡುವವರು ಶೇ 79ರಿಂದ ಶೇ 77.5ಕ್ಕೆ ಇಳಿದರು. ನೀನು 'ಫ್ರೆಂಚ್ ಬಲ್ಲವರು' ಎಂದು ಬರೆದಿದ್ದೀಯ, ಅದು ಬೇರೆಯೇ ಲೆಕ್ಕ. ಪ್ರತಿ ಅಂಕಿಯ ಪಕ್ಕ ಯಾವ ಪ್ರಶ್ನೆಗೆ ಬಂದ ಉತ್ತರ ಎಂದು ಬರೆ. ಮೆರವಣಿಗೆಯ ಜನರ ಸಂಖ್ಯೆಗೂ ಅಷ್ಟೇ, ಎಣಿಸಿದವರು ಸಂಘಟಕರೋ ಪೊಲೀಸರೋ ಹೇಳು.

ಮುಂದಿನ ಕರಡು ಆಗಸ್ಟ್ 1997ರಿಂದ ಶುರುವಾಗಲಿ. ತೀರ್ಪಿನ ಪ್ರತಿ ಪೂರ್ತಿ ಓದಿ ಮುಗಿಸಿದ ಮೇಲೆ ಕಳಿಸು, ಅವಸರವಿಲ್ಲ.

ಇಂತಿ,
ನಿನ್ನ ಅಕ್ಕ